ಅರವತ್ತು ದಾಟಿದ ಮೇಲೆ ಹೊಸತನ್ನು ಕಲಿಯುವುದು: ಎಲ್ಲಿಂದ ಶುರು, ಎಲ್ಲಿ ಕೈಕೊಡುತ್ತದೆ

ಅರವತ್ತು ದಾಟಿದ ಮೇಲೆ ಹೊಸ ಭಾಷೆಯನ್ನೋ ಕೀಬೋರ್ಡನ್ನೋ ನಕ್ಷತ್ರ ಗುರುತಿಸುವುದನ್ನೋ ಕಲಿಯಲು ಹೊರಟವರಲ್ಲಿ ಹಲವರು ತಿಂಗಳು ತುಂಬುವುದರೊಳಗೆ ಪುಸ್ತಕ ಮುಚ್ಚಿಡುತ್ತಾರೆ. "ಈ ವಯಸ್ಸಿಗೆ ಇನ್ನೇನು ತಲೆಗೆ ಹತ್ತುತ್ತೆ" ಎಂದು ತಾವೇ ತೀರ್ಪು ಕೊಟ್ಟುಕೊಳ್ಳುತ್ತಾರೆ. ಈ ತೀರ್ಪಿನಲ್ಲಿ ಅರ್ಧದಷ್ಟೂ ಸತ್ಯವಿಲ್ಲ. ವಯಸ್ಸಿನ ಜೊತೆ ಇಳಿಯುವುದು ಮುಖ್ಯವಾಗಿ ವೇಗ. ಅದು ಮೂವತ್ತರ ಆಸುಪಾಸಿನಲ್ಲೇ ಇಳಿಯಲು ಶುರುವಾಗಿರುತ್ತದೆ, ಆಗ ಗೊತ್ತಾಗುವುದಿಲ್ಲ ಅಷ್ಟೆ. ಪದಸಂಪತ್ತು, ಅನುಭವದಿಂದ ಬಂದ ತಿಳಿವಳಿಕೆ, ಒಂದಕ್ಕೊಂದು ತಾಳೆ ಹಾಕುವ ಶಕ್ತಿ ಅರವತ್ತರಾಚೆಗೂ ಗಟ್ಟಿಯಾಗಿಯೇ ಇರುತ್ತವೆ. ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಇವೆರಡನ್ನೂ ಬೇರೆ ಬೇರೆ ಬುದ್ಧಿಗಳೆಂದೇ ಗುರುತಿಸಿದ್ದರು.

ಕಲಿಕೆ ಕೈಕೊಡುವುದು ಬಹುಪಾಲು ಹದಿನಾಲ್ಕರ ಹುಡುಗ ಪರೀಕ್ಷೆಗೆ ಓದಿದ ಹಾಗೆ ಓದಲು ಹೋದಾಗ. ಮಂದ ಬೆಳಕು, ಒಂದೇ ಪುಟವನ್ನು ಹತ್ತು ಸಲ ತಿರುವಿಹಾಕುವುದು, ಪಕ್ಕದವರಿಗಿಂತ ಹಿಂದೆ ಬಿದ್ದೆ ಎಂಬ ಆತಂಕ. ಈ ಮೂರನ್ನೂ ಬದಲಾಯಿಸಬಹುದು.

ಹೆಜ್ಜೆ 1: ಪುಸ್ತಕಕ್ಕೂ ಮೊದಲು ಕಣ್ಣು, ಕಿವಿ, ಮಾತ್ರೆ

ಅರವತ್ತರ ಕಣ್ಣಿನ ಒಳಪೊರೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ. ಪಾಪೆ ಚಿಕ್ಕದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಹಾಗಾಗಿ ಕೋಣೆಯ ಚಾವಣಿಯ ದೀಪ ಓದಲು ಸಾಲದು. ಪ್ರತ್ಯೇಕ ಮೇಜುದೀಪ ಇರಲಿ. ಬರೆಯುವ ಕೈ ಬಲಗೈಯಾದರೆ ದೀಪ ಎಡಕ್ಕೆ, ಎಡಗೈಯಾದರೆ ಬಲಕ್ಕೆ; ಇಲ್ಲದಿದ್ದರೆ ಕೈಯ ನೆರಳು ಬರೆಯುವ ಜಾಗದ ಮೇಲೇ ಬೀಳುತ್ತದೆ. ಮುದ್ರಿಸಿಕೊಳ್ಳುವ ಹಾಳೆಗಳಲ್ಲಿ ಅಕ್ಷರ 14ರಿಂದ 16 ಪಾಯಿಂಟ್ ಇರಲಿ.

ಕಂಪ್ಯೂಟರಿನ ಮುಂದೆ ಕೂರುವವರು ಇನ್ನೊಂದನ್ನು ಗಮನಿಸಬೇಕು. ದೂರಕ್ಕೂ ಓದಿಗೂ ಒಂದೇ ಕನ್ನಡಕ ಇದ್ದರೆ ಓದುವ ಭಾಗ ಕೆಳಗಿರುತ್ತದೆ. ಎದುರಿನ ಪರದೆ ಓದಲು ಗಲ್ಲ ಮೇಲೆತ್ತಬೇಕಾಗುತ್ತದೆ, ಅರ್ಧ ಗಂಟೆಗೆ ಕುತ್ತಿಗೆ ಹಿಡಿಯುತ್ತದೆ. "ಕಂಪ್ಯೂಟರ್ ನನಗೆ ಆಗಿಬರಲ್ಲ" ಎನ್ನುವವರಲ್ಲಿ ಕೆಲವರಿಗೆ ಆಗಿಬರದಿರುವುದು ಈ ಕನ್ನಡಕ. ಪರದೆ ಕಣ್ಣಿನಿಂದ 50–60 ಸೆಂ.ಮೀ. ದೂರದಲ್ಲಿರುತ್ತದೆಂದು ಕಣ್ಣಿನ ವೈದ್ಯರಿಗೆ ಹೇಳಿ, ಆ ದೂರಕ್ಕೆಂದೇ ಒಂದು ಕನ್ನಡಕ ಮಾಡಿಸಿಕೊಳ್ಳಿ.

ಕಿವಿಯ ವಿಷಯ ಇನ್ನೂ ನಾಜೂಕು. ವಯಸ್ಸಾದಂತೆ ಮೊದಲು ಹೋಗುವುದು ತಾರಸ್ಥಾಯಿಯ ಸದ್ದುಗಳು. ಸ, ಶ, ಫ ಇರುವ ಕಡೆ ಮಾತು ಮಸುಕಾಗುತ್ತದೆ, ಸ್ವರಗಳು ಮಾತ್ರ ಸ್ಪಷ್ಟ. ಹಾಗಾಗಿಯೇ "ಕೇಳಿಸುತ್ತೆ, ಏನಂದ್ರು ಅಂತ ಗೊತ್ತಾಗಲ್ಲ" ಎಂಬ ದೂರು. ಬಿಟ್ಟುಹೋದ ಅಕ್ಷರವನ್ನು ಊಹಿಸುವುದರಲ್ಲೇ ಮೆದುಳಿನ ಗಮನ ಖರ್ಚಾದರೆ, ಹೇಳಿದ್ದನ್ನು ನೆನಪಿಗೆ ಸೇರಿಸಲು ಉಳಿಯುವುದು ಕಡಿಮೆ. ಇದನ್ನೇ ನಾವು ಮರೆವು ಎಂದುಕೊಳ್ಳುತ್ತೇವೆ. ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. ತರಗತಿಯಲ್ಲಿ ಫ್ಯಾನಿನಿಂದ ದೂರ, ಹೇಳಿಕೊಡುವವರ ಬಾಯಿ ಕಾಣುವ ಹಾಗೆ ಮುಂದಿನ ಸಾಲಿನಲ್ಲಿ ಕೂರಿ. ಮರೆಗುಳಿತನ ತಡೆಯುವ ಬಗ್ಗೆ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಸರಿಪಡಿಸಬಹುದಾದ 14 ಅಪಾಯಾಂಶಗಳಲ್ಲಿ ಶ್ರವಣದೋಷವೂ ಇದೆ, ಚಿಕಿತ್ಸೆ ಮಾಡಿಸದೆ ಬಿಟ್ಟ ದೃಷ್ಟಿದೋಷವೂ ಇದೆ.

ಮೂರನೆಯದು ಮಾತ್ರೆ. ನೆಗಡಿ-ಅಲರ್ಜಿಗೆ ಕೊಡುವ ಹಳೆಯ ತಲೆಮಾರಿನ ಔಷಧಗಳು (ಡೈಫೆನ್‌ಹೈಡ್ರಮೈನ್ ಒಂದು ಉದಾಹರಣೆ), ಪದೇಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಕೆಲವು ಔಷಧಗಳು, ಕೆಲವು ನಿದ್ರೆಮಾತ್ರೆಗಳು ಮರೆವು, ಮಂಪರು ತರುತ್ತವೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಅಥವಾ ಆಸಿಡಿಟಿ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಥೈರಾಯ್ಡ್ ಮಂದವಾದರೂ ತಲೆ ಮಂದವಾಗುತ್ತದೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಅಂಗಡಿಯಿಂದ ಚೀಟಿಯಿಲ್ಲದೆ ತಂದವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಮೇಜಿನ ಮೇಲೆ ಸುರಿಯಿರಿ. "ಇವುಗಳಲ್ಲಿ ನೆನಪಿಗೆ ಅಡ್ಡ ಬರುವುದು ಯಾವುದು? ಬಿ12, ಥೈರಾಯ್ಡ್ ನೋಡಬೇಕೇ?" ಎಂದು ಕೇಳಿದರೆ ಸಾಕು.

ಹೆಜ್ಜೆ 2: ಒಂದೇ ವಿಷಯ, 12 ವಾರ

"ಸಂಗೀತ ಕಲಿಯಬೇಕು" ಎಂಬುದು ಆಸೆ. "12 ವಾರದಲ್ಲಿ ಮೂರು ಸರಳ ಹಾಡುಗಳನ್ನು ಪುಸ್ತಕ ನೋಡದೆ ನುಡಿಸಬೇಕು" ಎಂಬುದು ಗುರಿ. ಮುಗಿಯಿತೋ ಇಲ್ಲವೋ ಎಂದು ಬೇರೆಯವರು ನೋಡಿ ಹೇಳುವಂತಿದ್ದರೆ ಗುರಿ ಸರಿಯಾಗಿದೆ. ಎರಡು ವಿಷಯ ಒಟ್ಟಿಗೆ ಹಿಡಿಯಬೇಡಿ. ನಿವೃತ್ತಿಯಾದ ಮೊದಲ ತಿಂಗಳಲ್ಲಿ ಯೋಗ, ಚಿತ್ರಕಲೆ, ಜರ್ಮನ್ ಮೂರಕ್ಕೂ ಸೇರಿದವರಿಗೆ ಮೂರನೇ ತಿಂಗಳಲ್ಲಿ ಒಂದೂ ಉಳಿದಿರುವುದಿಲ್ಲ.

ಆರಿಸಿಕೊಳ್ಳುವಾಗ ಪದಬಂಧ, ಸುಡೊಕು, ಮೆದುಳಿಗೆ ಕಸರತ್ತು ಎನ್ನುವ ಆ್ಯಪ್‌ಗಳ ಮೇಲೆ ಹೆಚ್ಚು ಭರವಸೆ ಬೇಡ. ಹೊತ್ತು ಕಳೆಯಲು ಅವು ಚೆನ್ನ. ಆದರೆ ಸುಡೊಕು ಬಿಡಿಸುತ್ತ ಹೋದರೆ ಬರುವುದು ಸುಡೊಕು ಬಿಡಿಸುವ ಚುರುಕು. ಅದು ಬೇರೆ ಕಡೆಗೆ ಹರಿದುಹೋಗುವುದು ಕಡಿಮೆ. ಮನಶ್ಶಾಸ್ತ್ರಜ್ಞೆ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60ರಿಂದ 90 ವಯಸ್ಸಿನವರು ಮೂರು ತಿಂಗಳು, ವಾರಕ್ಕೆ ಸುಮಾರು 15 ಗಂಟೆ, ಡಿಜಿಟಲ್ ಛಾಯಾಗ್ರಹಣವನ್ನೋ ಕೌದಿ ಹೊಲಿಯುವುದನ್ನೋ ಹೊಸದಾಗಿ ಕಲಿತರು. ಇನ್ನೊಂದು ಗುಂಪು ಅಷ್ಟೇ ಹೊತ್ತು ಸೇರಿ ಹರಟೆ, ಆಟ, ಸುತ್ತಾಟದಲ್ಲಿ ಕಳೆಯಿತು. ನೆನಪಿನ ಶಕ್ತಿ ಸುಧಾರಿಸಿದ್ದು ಕಲಿತವರಲ್ಲಿ. ವಾರಕ್ಕೆ 15 ಗಂಟೆ ಎಲ್ಲರಿಂದ ಆಗದು, ಆಗಬೇಕೆಂದೂ ಇಲ್ಲ. ಕಲಿಯುವುದು ನಿಜಕ್ಕೂ ಹೊಸದಾಗಿರಬೇಕು, ಸ್ವಲ್ಪ ಕಷ್ಟವೆನಿಸಬೇಕು. ಮೊದಲೇ ಗೊತ್ತಿರುವುದನ್ನು ಮತ್ತೆ ಮಾಡುವುದು ಹಿತ, ಆದರೆ ಅದು ಬೇರೆ ವಿಷಯ.

ಹೊತ್ತು: ಬೆಳಿಗ್ಗೆ. ವಯಸ್ಸಾದಂತೆ ದೇಹದ ಗಡಿಯಾರ ಮುಂದಕ್ಕೆ ಸರಿಯುತ್ತದೆ, ನಿದ್ದೆ ಬೇಗ, ಎಚ್ಚರ ಬೇಗ. ಹೆಚ್ಚಿನವರಿಗೆ ಗಮನ ತೀಕ್ಷ್ಣವಾಗಿರುವುದು ಮಧ್ಯಾಹ್ನಕ್ಕೆ ಮುಂಚೆ. 25 ನಿಮಿಷ, 5 ನಿಮಿಷ ಎದ್ದು ಓಡಾಟ, ಮತ್ತೆ 20 ನಿಮಿಷ. ವಾರಕ್ಕೆ ಐದು ದಿನ. ಗಡಿಯಾರಕ್ಕೆ ಕಟ್ಟುವ ಬದಲು ದಿನಾ ತಪ್ಪದೆ ನಡೆಯುವ ಯಾವುದಾದರೂ ಕೆಲಸಕ್ಕೆ ಗಂಟು ಹಾಕಿ: "ಪೇಪರ್ ಓದಿ ಮುಗಿದ ಕೂಡಲೇ ಕಿಟಕಿ ಪಕ್ಕದ ಮೇಜಿಗೆ ಹೋಗುತ್ತೇನೆ." ಸಾಮಾನೆಲ್ಲ ಹಿಂದಿನ ರಾತ್ರಿಯೇ ಮೇಜಿನ ಮೇಲೆ ತೆರೆದಿರಲಿ. ಬೀರುವಿನಿಂದ ತೆಗೆಯಬೇಕಾದ ವಾದ್ಯ ಬೀರುವಿನಲ್ಲೇ ಉಳಿಯುತ್ತದೆ.

ಹೆಜ್ಜೆ 3: ಓದುವುದು ಕಡಿಮೆ, ನೆನಪಿಸಿಕೊಳ್ಳುವುದು ಹೆಚ್ಚು

ಇಡೀ ಲೇಖನದಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪುಟವನ್ನು ಮತ್ತೆ ಮತ್ತೆ ಓದಿದಾಗ ಅದು ಪರಿಚಿತವಾಗುತ್ತದೆ. ಪರಿಚಯವನ್ನೇ ಕಲಿಕೆ ಎಂದು ಮನಸ್ಸು ತಪ್ಪು ತಿಳಿಯುತ್ತದೆ. ಮನಶ್ಶಾಸ್ತ್ರಜ್ಞರಾದ ಕಾರ್ಪಿಕಿ ಮತ್ತು ರೋಡಿಗರ್ 2008ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಅರ್ಥಸಹಿತ ಕಲಿಸಿ ನೋಡಿದರು. ಒಮ್ಮೆ ಬಂದ ಪದಗಳನ್ನೂ ಮತ್ತೆ ಮತ್ತೆ ನೆನಪಿಸಿಕೊಳ್ಳುವಂತೆ ಮಾಡಿದವರಿಗೆ ವಾರದ ನಂತರ ಸುಮಾರು 80 ಶೇಕಡಾ ಉಳಿದಿತ್ತು. ಬಂದ ಪದಗಳನ್ನು ಓದುತ್ತಲೇ ಇದ್ದರೂ ಮತ್ತೆ ಪರೀಕ್ಷಿಸಿಕೊಳ್ಳದವರಿಗೆ ಸುಮಾರು ಮೂರನೇ ಒಂದು ಭಾಗ. ಎಷ್ಟು ಉಳಿಯಬಹುದೆಂದು ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಅರ್ಧದಷ್ಟು ಎಂದೇ ಹೇಳಿದ್ದರು. ಹುಡುಗರೇ ತಮ್ಮ ಕಲಿಕೆಯನ್ನು ಅಳೆದುಕೊಳ್ಳುವಲ್ಲಿ ಇಷ್ಟು ತಪ್ಪಿದರೆ, ನಮಗೆ ನಾವೇ "ತಲೆಗೆ ಹತ್ತಲ್ಲ" ಎಂದು ಕೊಟ್ಟುಕೊಳ್ಳುವ ತೀರ್ಪಿಗೆ ಏನು ಬೆಲೆ?

ನೆನಪಿಸಿಕೊಳ್ಳುವುದಕ್ಕೆ ಒಳ್ಳೆಯ ಸಾಧನ ಕಾರ್ಡಿನ ಡಬ್ಬಿ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ವಿಧಾನ ಇದು. ಫೋನಿನಲ್ಲಿ ಇದಕ್ಕೆ ಆ್ಯಪ್‌ಗಳಿವೆ, ಆದರೆ ಶುರುವಿಗೆ ಕಾಗದವೇ ಮೇಲು: ಬರೆಯುವಾಗಲೇ ಅರ್ಧ ಕಲಿತಿರುತ್ತೀರಿ.

ಬೇಕಾದದ್ದು: ದಪ್ಪ ಕಾಗದವನ್ನು 7×10 ಸೆಂ.ಮೀ. ಅಳತೆಗೆ ಕತ್ತರಿಸಿದ, ಶುರುವಿಗೆ ನೂರು ಕಾರ್ಡು, ಒಂದು ಚಪ್ಪಲಿ ಡಬ್ಬಿ, ನಾಲ್ಕು ರಟ್ಟಿನ ಅಡ್ಡತಡೆ. ಐದು ಮನೆಗಳಾಗುತ್ತವೆ. ಒಂದನೇ ಮನೆಯನ್ನು ದಿನಾ ನೋಡಬೇಕು, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದನ್ನು ವಾರಕ್ಕೊಮ್ಮೆ, ಐದನೆಯದನ್ನು ಎರಡು ವಾರಕ್ಕೊಮ್ಮೆ. ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಹೊಸ ಕಾರ್ಡು ಒಂದನೇ ಮನೆಗೆ. ಉತ್ತರ ಬಂದರೆ ಮುಂದಿನ ಮನೆಗೆ ಬಡ್ತಿ. ಬರದಿದ್ದರೆ, ನಾಲ್ಕನೇ ಮನೆಯಲ್ಲಿದ್ದರೂ, ಮತ್ತೆ ಒಂದಕ್ಕೆ. ದಿನಕ್ಕೆ ಹೊಸ ಕಾರ್ಡು ಐದು ಸಾಕು. ಐದು ಎಂದರೆ ಕಡಿಮೆ ಎನಿಸುತ್ತದೆ. 12 ವಾರದಲ್ಲಿ ವಾರಕ್ಕೆ ಐದು ದಿನದ ಲೆಕ್ಕಕ್ಕೆ 300.

ಕಾರ್ಡು ಬರೆಯುವುದರಲ್ಲೇ ಗೆಲುವು-ಸೋಲು ಇದೆ. ನಕ್ಷತ್ರಗಳನ್ನು ಕಲಿಯುತ್ತಿದ್ದೀರಿ ಎನ್ನಿ. ಮುಂದೆ "ಬೀಟಲ್‌ಜ್ಯೂಸ್" ಎಂದು ಬರೆದು ಹಿಂದೆ ಬಣ್ಣ, ದೂರ, ಗಾತ್ರ, ಪುಂಜ ಎಂದು ಎಂಟು ಸಾಲು ತುಂಬಿದರೆ ಆ ಕಾರ್ಡಿಗೆ ಉತ್ತರ ಬಂತೋ ಇಲ್ಲವೋ ಎಂದು ನಿಮಗೇ ಹೇಳಲಾಗದು. ಎಂಟರಲ್ಲಿ ಐದು ಬಂದರೆ ಪಾಸೋ ಫೇಲೋ? ಹೀಗೆ ಬಿಡಿಸಿ: "ಓರಿಯನ್ ಪುಂಜದಲ್ಲಿ ಕೆಂಪಗೆ ಹೊಳೆಯುವ ನಕ್ಷತ್ರ ಯಾವುದು?" ಹಿಂದೆ ಒಂದೇ ಪದ: ಬೀಟಲ್‌ಜ್ಯೂಸ್. ಇನ್ನೊಂದು ಕಾರ್ಡು: "ಅದೇ ಪುಂಜದ ನೀಲಿ-ಬಿಳಿ ನಕ್ಷತ್ರ?" ರೈಜೆಲ್. ಮತ್ತೊಂದು: "ಬೀಟಲ್‌ಜ್ಯೂಸ್ ಕೆಂಪಗಿರುವುದೇಕೆ?" ಅದರ ಮೇಲ್ಮೈ ರೈಜೆಲ್‌ಗಿಂತ ತಂಪು. ಒಂದು ಕಾರ್ಡಿಗೆ ಒಂದೇ ಪ್ರಶ್ನೆ, ಒಂದೇ ಉತ್ತರ. "ಏಕೆ" ಎಂಬ ಕಾರ್ಡುಗಳನ್ನು ಧಾರಾಳವಾಗಿ ಬರೆಯಿರಿ. ವಯಸ್ಸಾದವರ ಬಲ ಇರುವುದೇ ಅಲ್ಲಿ: ಕಾರಣ ಗೊತ್ತಾದ ಸಂಗತಿ ಹಳೆಯ ತಿಳಿವಳಿಕೆಗೆ ಕೊಂಡಿ ಹಾಕಿಕೊಂಡು ನಿಲ್ಲುತ್ತದೆ, ಬರಿಯ ಹೆಸರು ಜಾರುತ್ತದೆ.

ಎಲ್ಲಿ ತಪ್ಪುತ್ತದೆ? ಒಂದು, ಕಾರ್ಡನ್ನು ಬೇಗ ತಿರುಗಿಸುವುದು. ಉತ್ತರ ಒಳಗಿದ್ದರೂ ಹೊರಬರಲು ನಿಧಾನವಾಗುವ ವಯಸ್ಸು ಇದು. ಹದಿನೈದರವರೆಗೆ ಮನಸ್ಸಿನಲ್ಲೇ ಎಣಿಸಿ, ಆಮೇಲೆ ತಿರುಗಿಸಿ. ನಾಲಿಗೆ ತುದಿಯಲ್ಲಿದ್ದು ಬರದಿದ್ದರೆ ಮೊದಲ ಅಕ್ಷರ ಮಾತ್ರ ಇಣುಕಿ ನೋಡಿ. ಎರಡು, "ಹೌದ್ಹೌದು, ಗೊತ್ತಿತ್ತು" ಎಂದು ಸುಳ್ಳು ಬಡ್ತಿ ಕೊಡುವುದು. ತಿರುಗಿಸುವ ಮೊದಲು ಉತ್ತರವನ್ನು ಜೋರಾಗಿ ಹೇಳಿದರೆ ಈ ಮೋಸ ನಡೆಯುವುದಿಲ್ಲ. ಮೂರನೆಯದು, ನಾಲ್ಕು ದಿನ ತಪ್ಪಿ ಐದನೇ ದಿನ ಎಂಬತ್ತು ಕಾರ್ಡು ಎದುರಿಗೆ ರಾಶಿ ಬೀಳುವುದು. ಎಂಬತ್ತನ್ನೂ ಅಂದೇ ಮುಗಿಸಲು ಹೋಗಬೇಡಿ. ದಿನಕ್ಕೆ ಇಪ್ಪತ್ತು ನೋಡಿ, ರಾಶಿ ಕರಗುವವರೆಗೆ ಹೊಸ ಕಾರ್ಡು ನಿಲ್ಲಿಸಿ. ಒಂದೇ ಕಾರ್ಡು ಐದಾರು ಸಲ ಕೆಳಗಿಳಿದರೆ ತಪ್ಪು ಕಾರ್ಡಿನದು. ಹರಿದು ಬೇರೆ ರೀತಿಯಲ್ಲಿ ಬರೆಯಿರಿ.

ಇತಿಹಾಸವನ್ನೋ ತತ್ವಶಾಸ್ತ್ರವನ್ನೋ ಓದುವವರಿಗೆ ಕಾರ್ಡಿಗಿಂತ ಬಿಳಿ ಹಾಳೆ ಒಗ್ಗುತ್ತದೆ. ಐದಾರು ಪುಟ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಹಾಳೆಯ ಮೇಲೆ ಬರೆದು, ಮತ್ತೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಮರುದಿನ ಆ ಕೆಂಪು ಸಾಲುಗಳಿಂದಲೇ ಶುರು.

ಹೆಜ್ಜೆ 4: ಕೈಯಿಂದ ಕಲಿಯುವುದಾದರೆ

ವಾದ್ಯ, ಹೊಲಿಗೆ, ಟೈಪಿಂಗ್ ಇತ್ಯಾದಿಗಳಲ್ಲಿ ಶತ್ರು ಅವಸರ. ವೇಗದಲ್ಲಿ ಮಾಡಿದ ತಪ್ಪನ್ನೂ ಕೈ ಅಷ್ಟೇ ನಿಷ್ಠೆಯಿಂದ ಕಲಿತುಬಿಡುತ್ತದೆ. ಹಾಡಿನ ನಾಲ್ಕು ಆವರ್ತ ತೆಗೆದುಕೊಳ್ಳಿ, ತಪ್ಪಿಲ್ಲದೆ ನುಡಿಸಬಲ್ಲಷ್ಟು ನಿಧಾನಕ್ಕೆ ಇಳಿಸಿ, ಸತತ ಮೂರು ಸಲ ತಪ್ಪಿಲ್ಲದೆ ಬಂದ ಮೇಲಷ್ಟೇ ಸ್ವಲ್ಪ ವೇಗ ಏರಿಸಿ. ಬಲಗೈ ಬೇರೆ, ಎಡಗೈ ಬೇರೆ, ಆಮೇಲೆ ಜೊತೆ. ಬೆಳಿಗ್ಗೆ ಬೆರಳು ಸೆಟೆದುಕೊಳ್ಳುವವರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಕೈ ಅದ್ದಿ ಕೂರಬಹುದು.

ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಎಂಬತ್ತರ ವಯಸ್ಸಿನಲ್ಲೂ ಕಚೇರಿ ಕೊಡುತ್ತಿದ್ದರು. ಮುಪ್ಪಿನ ಮನಶ್ಶಾಸ್ತ್ರ ಬರೆದ ಪೌಲ್ ಬಾಲ್ಟಸ್ ಮತ್ತೆ ಮತ್ತೆ ಕೊಡುತ್ತಿದ್ದುದು ಈ ರೂಬಿನ್‌ಸ್ಟೈನ್ ಉದಾಹರಣೆಯನ್ನೇ. ನುಡಿಸುವ ಕೃತಿಗಳ ಸಂಖ್ಯೆ ಕಡಿಮೆ ಮಾಡಿದರು. ಆ ಕೆಲವನ್ನೇ ಹೆಚ್ಚು ಅಭ್ಯಾಸ ಮಾಡಿದರು. ವೇಗದ ಭಾಗ ಬರುವ ಮುಂಚಿನ ಭಾಗವನ್ನು ಬೇಕೆಂದೇ ನಿಧಾನ ಮಾಡಿದರು, ಆಗ ಮುಂದಿನದು ವೇಗವಾಗಿ ಕೇಳಿಸುತ್ತದೆ. ಮೂರನೆಯದು ಸ್ವಲ್ಪ ತುಂಟತನವೇ ಸರಿ, ಆದರೆ ಕಲಿಯಬೇಕಾದ ತುಂಟತನ.

ಸ್ಮಾರ್ಟ್‌ಫೋನ್ ಕೂಡ ಕೈಯ ಕಲಿಕೆಯೇ. ಹೇಳಿಕೊಡುವಾಗ ಮಗನೋ ಮೊಮ್ಮಗಳೋ "ಕೊಡಿ ಇಲ್ಲಿ" ಎಂದು ಫೋನ್ ಕಿತ್ತುಕೊಂಡು ಮಾಡಿ ಕೊಟ್ಟರೆ ಕೆಲಸ ಆಗುತ್ತದೆ, ಕಲಿಕೆ ಆಗುವುದಿಲ್ಲ. ಕರಾರು ಹಾಕಿ: ಹೇಳಿಕೊಡುವವರ ಕೈ ಅವರ ಮಡಿಲಲ್ಲೇ ಇರಬೇಕು, ಫೋನ್ ಮುಟ್ಟುವ ಬೆರಳು ನಿಮ್ಮದು ಮಾತ್ರ. ಪ್ರತಿ ಹೆಜ್ಜೆಯನ್ನೂ ನಿಮ್ಮದೇ ಮಾತಿನಲ್ಲಿ ಪುಸ್ತಕದಲ್ಲಿ ಬರೆದುಕೊಳ್ಳಿ. ಶುರುವಿಗೆ ಮುಂಚೆ ಸೆಟ್ಟಿಂಗ್‌ನಲ್ಲಿ ಮೂರು ಬದಲಾವಣೆ: ಅಕ್ಷರ ದೊಡ್ಡದು, ಪರದೆ ಆರುವ ಸಮಯ 30 ಸೆಕೆಂಡಿನಿಂದ 2 ನಿಮಿಷಕ್ಕೆ, ಒತ್ತಿ ಹಿಡಿಯುವುದಕ್ಕೆ ಸ್ಪಂದಿಸುವ ಅವಧಿ ದೀರ್ಘ. ಬೆರಳನ್ನು ಅರೆಕ್ಷಣ ಹೆಚ್ಚು ಇಟ್ಟರೆ ಫೋನ್ ಅದನ್ನು "ಒತ್ತಿ ಹಿಡಿದಿದ್ದಾರೆ" ಎಂದು ತಿಳಿದು ಬೇರೇನನ್ನೋ ತೆರೆಯುತ್ತದೆ. ಒಣಗಿದ ಬೆರಳತುದಿಯನ್ನು ಪರದೆ ಗುರುತಿಸದಿರುವುದೂ ಉಂಟು.

ಹೆಜ್ಜೆ 5: ಜೊತೆಗಾರರು

ಫ್ರಾನ್ಸಿನ ಟುಲೂಸ್‌ನಲ್ಲಿ 1973ರಲ್ಲಿ ಪಿಯೇರ್ ವೆಲ್ಲಾಸ್ "ಮೂರನೇ ವಯಸ್ಸಿನ ವಿಶ್ವವಿದ್ಯಾಲಯ" ಶುರುಮಾಡಿದಾಗ ಅಲ್ಲಿ ಪಾಠ ಮಾಡುತ್ತಿದ್ದವರು ವಿಶ್ವವಿದ್ಯಾಲಯದ ಅಧ್ಯಾಪಕರು. 1980ರ ದಶಕದ ಆರಂಭದಲ್ಲಿ ಅದು ಬ್ರಿಟನ್ನಿಗೆ ಬಂದಾಗ ಪದ್ಧತಿ ಬದಲಾಯಿತು: ಪ್ರಮಾಣಪತ್ರ ಇಲ್ಲ, ಪರೀಕ್ಷೆ ಇಲ್ಲ, ಸದಸ್ಯರೇ ಸದಸ್ಯರಿಗೆ ಕಲಿಸುವುದು. ನಾಲ್ಕು ಜನ ಸಿಕ್ಕರೆ ಯಾರ ಮನೆಯ ಜಗಲಿಯಲ್ಲಾದರೂ ನಡೆಸಬಹುದಾದ ಮಾದರಿ ಇದು. ವಾರಕ್ಕೊಮ್ಮೆ ಒಂದೂವರೆ ಗಂಟೆ, ಸರದಿಯಂತೆ ಒಬ್ಬರು ಇಪ್ಪತ್ತು ನಿಮಿಷ ಹೇಳಿಕೊಡುವುದು. ನಿಮ್ಮ ಸರದಿ ಬರುವ ವಾರ ಬೇರೆ ಯಾವ ವಾರಕ್ಕಿಂತ ಹೆಚ್ಚು ಕಲಿಯುತ್ತೀರಿ.

ಹಣ ಕೊಟ್ಟು ಸೇರುವ ತರಗತಿಯಾದರೆ ಒಂದು ದಿನ ಸುಮ್ಮನೆ ಕೂತು ನೋಡಿ ಬನ್ನಿ. ಹೇಳಿಕೊಡುವವರು ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ಗಮನಿಸಿ. ಎರಡು ಸೆಕೆಂಡಿನಲ್ಲಿ ತಾವೇ ಉತ್ತರ ಹೇಳಿಬಿಡುವವರು ಎಷ್ಟೇ ವಿದ್ವಾಂಸರಾಗಿರಲಿ, ಅದು ನಿಮ್ಮ ತರಗತಿಯಲ್ಲ.

ಹೆಜ್ಜೆ 6: ಮನಸ್ಸಿಲ್ಲದ ದಿನಗಳು

"ಉತ್ಸಾಹ ಬರಲಿ, ಆಮೇಲೆ ಮಾಡೋಣ" ಎಂಬಲ್ಲಿ ಕ್ರಮ ತಲೆಕೆಳಗಾಗಿದೆ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎಂಬ ಗಾದೆ ಹೇಳುವುದನ್ನೇ ಖಿನ್ನತೆಯ ಚಿಕಿತ್ಸೆಯೊಂದು 1970ರ ದಶಕದಿಂದ ಬಳಸುತ್ತಿದೆ: ಮೊದಲು ಚಟುವಟಿಕೆ, ಹಿಂದಿನಿಂದ ಮನಸ್ಸು. ಮಾಡುವುದು ಹೀಗೆ. ಎರಡು ವಾರ ಒಂದು ಪುಸ್ತಕದಲ್ಲಿ ಗಂಟೆಗಂಟೆಗೆ ಏನು ಮಾಡಿದಿರಿ ಎಂದು ಬರೆಯಿರಿ, ಪಕ್ಕದಲ್ಲಿ ಎರಡು ಅಂಕ: ಖುಷಿ 10ಕ್ಕೆ ಎಷ್ಟು, "ಏನೋ ಮಾಡಿದೆ" ಎಂಬ ತೃಪ್ತಿ 10ಕ್ಕೆ ಎಷ್ಟು. ಟಿವಿ ಮುಂದಿನ ಮೂರು ಗಂಟೆಗೆ ನೀವೇ ಎಷ್ಟು ಅಂಕ ಕೊಟ್ಟಿದ್ದೀರಿ ಎಂದು ಆಮೇಲೆ ನೋಡಿ. ಹೆಚ್ಚು ಅಂಕ ಬಂದ ಎರಡು ಕೆಲಸಗಳನ್ನು ಮುಂದಿನ ವಾರದ ದಿನಚರಿಗೆ ಸಮಯಸಹಿತ ಸೇರಿಸಿ, ಕಡಿಮೆ ಬಂದದ್ದನ್ನು ಅರ್ಧ ಗಂಟೆ ಕಡಿತ ಮಾಡಿ. ತೀರಾ ಮನಸ್ಸಿಲ್ಲದ ದಿನ ಮೇಜಿನ ಮುಂದೆ ಐದೇ ನಿಮಿಷ. ಐದರ ನಂತರ ಏಳಲು ಪೂರ್ತಿ ಅನುಮತಿ ಇದೆ.

ರಾತ್ರಿ ಅಂದಿನ ಮೂರು ಒಳ್ಳೆಯ ಸಂಗತಿ ಬರೆಯುವ ಅಭ್ಯಾಸ 2005ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ತಂಡದ ಪ್ರಯೋಗದಿಂದ ಹೆಸರಾಯಿತು. ಅನೇಕರು ಅದನ್ನು ಅರ್ಧಕ್ಕೆ ಮಾಡುತ್ತಾರೆ. ಸಂಗತಿ ಬರೆದರೆ ಸಾಲದು, ಅದು ಏಕೆ ಆಯಿತು ಎಂದೂ ಬರೆಯಬೇಕು. "ಹಳೆಯ ಗೆಳೆಯ ಫೋನ್ ಮಾಡಿದ" ಎಂಬುದರ ಕೆಳಗೆ "ಹೋದ ವಾರ ನಾನೇ ಮೊದಲು ಮಾಡಿದ್ದೆ" ಎಂದು ಬಂದಾಗ, ಮುಂದಿನ ವಾರ ಏನು ಮಾಡಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ.

ಸಕಾರಾತ್ಮಕವಾಗಿರುವುದೆಂದರೆ ದುಃಖವನ್ನು ಅದುಮಿ ನಗುವುದಲ್ಲ. ಹತ್ತಿರದವರನ್ನು ಕಳೆದುಕೊಂಡ ತಿಂಗಳುಗಳಲ್ಲಿ ಹೊಸ ಕೋರ್ಸಿಗೆ ಸೇರಿಸಲು ಮಕ್ಕಳು ಒತ್ತಾಯಿಸಿದರೆ ಬೇಡ ಎನ್ನಿ. ಹಳೆಯ ಅಭ್ಯಾಸಗಳಲ್ಲಿ ಒಂದನ್ನು ಮಾತ್ರ ಬಿಡದಿರಿ. ಆದರೆ ಎರಡು ವಾರಕ್ಕೂ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ-ಹಸಿವು ಕೆಟ್ಟಿದೆ ಎಂದಾದರೆ ವೈದ್ಯರನ್ನು ನೋಡಿ. ಬದುಕೇ ಬೇಡ ಎನಿಸಿದರೆ ಎರಡು ವಾರ ಕಾಯಬೇಡಿ, ಅಂದೇ ಹೋಗಿ. ವಯಸ್ಸಾದವರಲ್ಲಿ ಖಿನ್ನತೆ ಅಳುವಾಗಿ ಕಾಣದೆ ಮೈಕೈ ನೋವಾಗಿಯೋ ಮರೆವಾಗಿಯೋ ಕಾಣಿಸಿಕೊಳ್ಳುವುದುಂಟು. ಹೆಸರು ತಕ್ಷಣ ಹೊಳೆಯದಿರುವುದು, ಆಮೇಲೆ ಹೊಳೆಯುವುದು ಸಹಜ. ಓಡಾಡಿದ ದಾರಿಯೇ ತಪ್ಪುವುದು, ಕೇಳಿದ್ದನ್ನೇ ಅದೇ ಗಂಟೆಯಲ್ಲಿ ಮತ್ತೆ ಮತ್ತೆ ಕೇಳುವುದು, ವರ್ಷಗಳಿಂದ ತಾನೇ ಬರೆಯುತ್ತಿದ್ದ ಲೆಕ್ಕ ಈಗ ಕೂಡದಿರುವುದು ತಪಾಸಣೆ ಬೇಡುತ್ತವೆ. ಇವಕ್ಕೆ ಕಾರ್ಡಿನ ಡಬ್ಬಿ ಮದ್ದಲ್ಲ.

ನಡಿಗೆ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಅದರ ಜೊತೆ ವಾರಕ್ಕೆ ಮೂರು ದಿನ ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮ.

ಬಿಟ್ಟುಹೋದಾಗ

ಬಿಟ್ಟುಹೋಗುತ್ತದೆ. ಜ್ವರ, ಪ್ರಯಾಣ, ಆಸ್ಪತ್ರೆ, ಮನೆತುಂಬ ನೆಂಟರು. ತಿಂಗಳಾದ ಮೇಲೆ ಡಬ್ಬಿ ತೆರೆದರೆ ಎಲ್ಲ ಅಳಿಸಿಹೋದಂತೆ ಕಾಣುತ್ತದೆ. ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿ 1885ರಲ್ಲಿ ತೋರಿಸಿದ್ದು ಮರೆವಿನ ವೇಗವನ್ನಷ್ಟೇ ಅಲ್ಲ. ಪೂರ್ತಿ ಮರೆತಂತೆ ಕಂಡದ್ದನ್ನೂ ಎರಡನೇ ಸಲ ಕಲಿಯಲು ಮೊದಲಿನಷ್ಟು ಹೊತ್ತು ಬೇಕಾಗುವುದಿಲ್ಲ ಎಂಬುದನ್ನೂ. ಹಾಗಾಗಿ ಮೊದಲ ಪಾಠದಿಂದ ಶುರುಮಾಡುವ ಅಗತ್ಯವಿಲ್ಲ. ಮೊದಲ ದಿನ ಹತ್ತು ನಿಮಿಷ, ಚೆನ್ನಾಗಿ ಬರುತ್ತಿದ್ದ ಒಂದು ಹಳೆಯ ಹಾಡು ಅಥವಾ ಹತ್ತು ಕಾರ್ಡು ಮಾತ್ರ. ಎರಡನೇ ದಿನ ಪ್ರತಿ ಮನೆಯ ಕಾರ್ಡುಗಳನ್ನೂ ಒಂದು ಮನೆ ಹಿಂದಕ್ಕೆ ಸರಿಸಿ, ದಿನಕ್ಕೆ ಇಪ್ಪತ್ತರಂತೆ ನೋಡುತ್ತ ಬನ್ನಿ. ಮೊದಲ ವಾರ ಹೊಸ ಕಾರ್ಡು ಒಂದೂ ಬರೆಯಬೇಡಿ. 12 ವಾರದ ಲೆಕ್ಕವನ್ನು ಬಿಟ್ಟ ವಾರಗಳಷ್ಟೇ ಮುಂದೂಡಿ, ಕ್ಯಾಲೆಂಡರಿನಲ್ಲಿ ಹೊಸ ತಾರೀಕಿಗೆ ಗುರುತು ಹಾಕಿ.